ಚಿಟ್ಟಿಯ ವಿಜ್ಞಾನದ ಪುಸ್ತಕ

ಪ್ರೀತಿಯ ಅಮ್ಮಾ,

ಚಿಟ್ಟಿಯನ್ನು ನೀನು ಮನೆಯಲ್ಲೇ ಓದಿಸುವುದಕ್ಕೆ ಹಾಸ್ಟೆಲ್ಲಿನಲ್ಲಿ ಬೆಳೆದ ನನಗೆ ಹೊಟ್ಟೆಕಿಚ್ಚಿದೆ, ಅಬ್ಜೆಕ್ಷನ್ ಇಲ್ಲ. ಆದರೆ ಭೂಮಿಯ ವಯಸ್ಸಿನ ಪಾಠ ನಮ್ಮ ನಂಬಿಕೆಗೆ ಒಗ್ಗುವುದಿಲ್ಲವೆಂದು ಆ ಪುಟಗಳಿಗೆ ಸ್ಟೇಪ್ಲರ್ ಹೊಡೆದೆಯಂತೆ. ಎಂಟು ವರ್ಷಕ್ಕೇ ಹೈಸ್ಕೂಲ್ ವಿಜ್ಞಾನ ಓದುವ ನನ್ನ ತಂಗಿ ಬಿಡುತ್ತಾಳೆಯೇ? ಹೇರ್‌ಪಿನ್ನಿನಿಂದ ಬಿಚ್ಚಿ ಓದಿದ್ದಾಳೆ. ಬೈಯಬೇಡ, ಪ್ಲೀಸ್.

ನಿನ್ನೆ ಫೋನಿನಲ್ಲಿ ಪಿಸುಗುಟ್ಟಿದಳು: “ಅಕ್ಕಾ, ಟೆಸ್ಟಲ್ಲಿ ನಿಜ ಬರೀಲಾ, ಅಮ್ಮಂಗೆ ಇಷ್ಟ ಆಗೋದ್ ಬರೀಲಾ?”

ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಅಂಥ ಪಾಠಗಳೇ ಇಲ್ಲದ ವಿಜ್ಞಾನ, ಇತಿಹಾಸ ಪುಸ್ತಕಗಳ ಹೊಸ ಸೆಟ್ಟನ್ನು ತರಿಸುತ್ತೀಯಂತೆ, ದಯವಿಟ್ಟು ತರಿಸಬೇಡ. ಇರುವ ಪುಸ್ತಕವನ್ನೇ ಅವಳ ಪಕ್ಕ ಕೂತು ಓದು. ನಿನ್ನ ದೇವರ ಬಗ್ಗೆಯೂ ಹೇಳು, ಕೇಳುತ್ತಾಳೆ.

ಈ ಸಲ ನನ್ನನ್ನಾದರೂ ಕೇಳಿದಳಮ್ಮಾ. ಮುಂದಿನ ಸಲ ಯಾರನ್ನೂ ಕೇಳದೆ ನಿನಗೆ ಇಷ್ಟವಾಗುವುದನ್ನೇ ಬರೆದುಬಿಡುತ್ತಾಳೆ.

ನಿನ್ನ ಫೋನಿಗೆ ಕಾಯುತ್ತಿರುವ
ದೊಡ್ಡ ಮಗಳು