ಕೇದಾರದ ದಾರಿಯಲ್ಲಿ ಉಪವಾಸ

೨೧ ಮೇ ೧೯೬೯, ಬುಧವಾರ. ರಾಂಬಾಡಾ.

ತಲೆ ಇನ್ನೂ ಸಿಡಿಯುತ್ತಿದೆ. ಕೇದಾರನಾಥಕ್ಕೆ ಮೂರೇ ಮೈಲಿ ಉಳಿದಿತ್ತು. ಗೈಡ್ ಬಲವಂತಸಿಂಗ್ ಹೆಗಲು ಕೊಟ್ಟು, ಯಾತ್ರಿಕರು ತಂಗುವ ಈ ಚಟ್ಟಿಗೆ ನನ್ನನ್ನು ವಾಪಸ್ ಇಳಿಸಿದ.

ಬೆಳಿಗ್ಗೆಯೇ ಹೇಳಿದ್ದ ಪುಣ್ಯಾತ್ಮ: ಮೇಲೆ ಹೋದಂತೆ ಉಸಿರು ಸಾಲದು, ನಿಧಾನ ನಡೆಯಿರಿ, ಹೊಟ್ಟೆ ಖಾಲಿ ಬಿಡಬೇಡಿ. ಹಿಂದಿ ಬಲ್ಲವನು ನಾನೊಬ್ಬನೇ. ಹೆಂಡತಿಗೆ ಕನ್ನಡದಲ್ಲಿ ತಿಳಿಸಿದೆ, ನಾನು ಮಾತ್ರ ಪಾಲಿಸಲಿಲ್ಲ. ಮಾದಪ್ಪನ ಬೆಟ್ಟ ಹತ್ತುವಾಗ ದರ್ಶನವಾಗುವ ತನಕ ಹನಿ ನೀರೂ ಮುಟ್ಟದ ಮನೆ ನಮ್ಮದು. ಇಲ್ಲಿಯೂ ಹಾಗೇ ದಾಪುಗಾಲು ಹಾಕಿದೆ. ಅವಳು ಹುರಿಗಡಲೆ, ಬೆಲ್ಲ ಮೆಲ್ಲುತ್ತ ಹಿಂದೆ ಬಂದಳು. ವಾಂತಿ ಮಾಡಿಕೊಂಡು ಬಂಡೆಗೆ ಒರಗಿದ್ದ ನನ್ನನ್ನು ಮೊದಲು ಕಂಡವಳೂ ಅವಳೇ.

ನಾನಿನ್ನು ಹತ್ತುವಂತಿಲ್ಲವಂತೆ. ತೀರಿಹೋದ ಅವ್ವನ ಹರಕೆಯೆಂದು ಮಾಂಬಳ್ಳಿಯಿಂದ ಹೊತ್ತು ತಂದ ಬಿಲ್ವಪತ್ರೆಯನ್ನು ಅವಳ ಸೆರಗಿಗೆ ಹಾಕಿದೆ.

"ನಾಳೆ ನಾನೇ ಓಗಿ ಏರ್ಸ್‌ಬುಟ್ಟು ಬತ್ತೀನಿ. ನೀವು ಗಂಜಿ ಕುಡ್ದು ಮನಿಕಳಿ," ಅಂದಳು.

ಮಾದಪ್ಪನ ಬೆಟ್ಟವನ್ನು ಹದಿನೆಂಟು ವರ್ಷ ನನ್ನ ಹಿಂದೆಯೇ ಹತ್ತಿದ್ದಾಳೆ. ಹೇಗೆ ಹತ್ತುತ್ತಿದ್ದಳೋ ಕಾಣೆ. ಒಂದು ಸಲವೂ ನಾನು ತಿರುಗಿ ನೋಡಿಲ್ಲ.