ಕೆಂಗೇರಿಯ ಶಟರಿನಡಿ ಬಿದ್ದಿರುವ ನನ್ನ ಉತ್ತರ

ಜನರ ಸಾಲದ ಚರಿತ್ರೆ ಬರೆದಿಡುವ ಕಚೇರಿಯ ದೂರು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಇವತ್ತು ಸೋಮವಾರ, ನನಗೆ ಒಪ್ಪತ್ತು. ಸಂಜೆ ದೀಪ ಹಚ್ಚುವವರೆಗೆ ಒಂದು ಲೋಟ ಹಾಲು ಬಿಟ್ಟರೆ ಬೇರೇನೂ ಇಲ್ಲ. ನಾಲ್ಕೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಸ್ನಾನ ಮಾಡಿ, ನೂರಾ ಇಪ್ಪತ್ತು ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕಳಿಸಿ, ಒಂಬತ್ತಕ್ಕೆ ಲಿಂಗಪೂಜೆಗೆ ಕೂತು ಎದ್ದು, ಈಗ ಪೆನ್ನು ಹಿಡಿದಿದ್ದೇನೆ. ಉಪವಾಸದ ದಿನ ನಾನು ಸುಳ್ಳು ಹೇಳುವುದಿಲ್ಲ. ಬೇರೆ ದಿನವೂ ಹೇಳುವುದು ಕಡಿಮೆ. ಆದ್ದರಿಂದ ನೇರವಾಗಿ ಬರೆಯುತ್ತೇನೆ: ನಿಮ್ಮ ಕಡತದಲ್ಲಿ ನಾನು ಎಂಬತ್ತಾರು ಸಾವಿರ ರೂಪಾಯಿ ಕಾರ್ಡಿನ ಸಾಲ ತೀರಿಸದೆ ಕೆಂಗೇರಿಯಲ್ಲಿ ವಾಸವಾಗಿರುವ ಹೆಂಗಸು. ಆ ಸಾಲ ನಾನು ಮಾಡಿದ್ದಲ್ಲ. ಕೆಂಗೇರಿಯಲ್ಲಿ ನಾನು ಒಂದು ರಾತ್ರಿಯೂ ಮಲಗಿದವಳಲ್ಲ. ಹದಿನೆಂಟು ವರ್ಷದಿಂದ ನನ್ನ ಮನೆ ಹೇರೋಹಳ್ಳಿಯಲ್ಲಿದೆ, ಬೇಕಾದರೆ ಬಂದು ನೋಡಿ. ರಸ್ತೆ ಮಾತ್ರ ಸರಿಯಿಲ್ಲ, ನಿಧಾನವಾಗಿ ಬನ್ನಿ.

ನಾನು ಓದಿದ್ದು ನಮ್ಮೂರಿನ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ. ನಿಮ್ಮಂಥ ಒಂದು ಕಚೇರಿ ಇದೆ ಎಂಬುದೇ ನನಗೆ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಕೊಡಬಾರದು ಎಂದು ಬ್ಯಾಂಕುಗಳು ನಿಮ್ಮ ಕಡತ ತೆರೆದು ನೋಡುತ್ತವಂತೆ. ನನ್ನ ಗಂಡನಿಗೆ ಮೂವತ್ತು ವರ್ಷ ಸಂಸಾರ ಮಾಡಿದ ಮೇಲೂ ನನ್ನ ಬಗ್ಗೆ ಇಷ್ಟು ಖಚಿತವಾಗಿ ಬರೆದಿಡುವ ಧೈರ್ಯ ಬಂದಿಲ್ಲ. ನಿಮಗೆ ಹೇಗೆ ಬಂತು?

ನಡೆದದ್ದು ಇಷ್ಟು. ಬ್ಯಾಂಕಿನಲ್ಲಿ ಖಾತೆ ತೆರೆದಾಗ ಅವರೇ ಒತ್ತಾಯ ಮಾಡಿ ಒಂದು ಕ್ರೆಡಿಟ್ ಕಾರ್ಡ್ ಕೊಟ್ಟರು. ಅದರಿಂದ ಒಂದೇ ಒಂದು ಸಲ ಮಿಕ್ಸಿ ಕೊಂಡು, ತಿಂಗಳೊಳಗೆ ತೀರಿಸಿ, ಕಾರ್ಡನ್ನು ದೇವರ ಪಟದ ಹಿಂದೆ ಇಟ್ಟಿದ್ದೆ. ಶ್ರಾವಣದ ಎರಡನೆಯ ಸೋಮವಾರ ಯಾರೋ ಒಬ್ಬ ನನ್ನ ಹೆಸರು ಹೇಳಿಕೊಂಡು, ವಿಳಾಸವನ್ನೂ ಫೋನ್ ನಂಬರನ್ನೂ ಬದಲಿಸಿ ಎಂದು ಬ್ಯಾಂಕಿಗೆ ಅರ್ಜಿ ಹಾಕಿದ. ನಿಜವೇ ಎಂದು ಕೇಳಲು ಬ್ಯಾಂಕಿನವರು ನನ್ನ ನಂಬರಿಗೆ ಮೂರು ಸಲ ಕರೆ ಮಾಡಿದರು. ಆ ಹೊತ್ತಿನಲ್ಲಿ ನನ್ನ ಎಡ ಅಂಗೈಯಲ್ಲಿ ಇಷ್ಟಲಿಂಗವಿತ್ತು. ಪೂಜೆಗೆ ಕೂತರೆ ಮುಗಿಯುವವರೆಗೆ ನಾನು ಮಾತಾಡುವುದಿಲ್ಲ. ಮದುವೆಯಾದ ದಿನದಿಂದ ಇದು ನಡೆದು ಬಂದಿದೆ, ಹೆರಿಗೆ ನೋವು ಬಂದ ಎರಡು ದಿನ ಬಿಟ್ಟು. ಫೋನು ಅಡುಗೆಕಟ್ಟೆಯ ಮೇಲೆ ಕುಣಿದು ಕುಣಿದು ಸುಮ್ಮನಾಯಿತು. ಪೂಜೆ ಮುಗಿಸಿ ನಾನೇ ತಿರುಗಿ ಕರೆ ಮಾಡಿದರೆ ಒಂದು ಯಂತ್ರ ಹಿಂದಿಯಲ್ಲಿ ಏನೋ ಹೇಳಿ ಇಟ್ಟುಬಿಟ್ಟಿತು.

ಹತ್ತು ದಿನದೊಳಗೆ ಆ ಹೊಸ ವಿಳಾಸಕ್ಕೆ ನನ್ನ ಹೆಸರಿನ ಹೊಸ ಕಾರ್ಡು ಹೋಯಿತು. ಅದರಲ್ಲಿ ಯಾರೋ ಮೂರು ಮೊಬೈಲು ಕೊಂಡರು. ಕಾರ್ಡಿನ ಬಾಕಿಗೆಂದು ನನ್ನ ಖಾತೆಯ ದುಡ್ಡು ಹಿಡಿದಾಗ ವಿಷಯ ಗೊತ್ತಾಗಿ ಶಾಖೆಗೆ ಓಡಿದರೆ, ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡುತ್ತಲೇ ಹೇಳಿದರು:

"ಮೂರು ಕಾಲ್‌ಗೂ ನೀವು ಬೇಡ ಅಂದಿಲ್ಲ ಅಮ್ಮ. ಬೇಡ ಅನ್ಲಿಲ್ಲ ಅಂದ್ರೆ ಸಿಸ್ಟಮ್ ಓಕೆ ಅಂತ ತಗೊಳುತ್ತೆ."

"ನಾ ಪೂಜಿಗೆ ಕುಂತಿದ್ನಿರಿ, ಸಾಹೇಬ್ರ."

"ಪೂಜೆಗೆಲ್ಲ ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲ ಅಮ್ಮ."

ಆದರೂ ಆ ಬ್ಯಾಂಕಿಗೆ ನಾನು ಕೈಮುಗಿಯುತ್ತೇನೆ. ಎರಡು ತಿಂಗಳು ಅಲೆಸಿದ ಮೇಲೆ, ಇದು ವಂಚನೆ, ಶಾಂತವ್ವನವರು ಕೊಡಬೇಕಾದದ್ದು ಏನೂ ಇಲ್ಲ ಎಂದು ಮೊಹರು ಹಾಕಿ ಪತ್ರ ಕೊಟ್ಟರು. ಅದನ್ನು ವಿಭೂತಿಗಟ್ಟಿಯ ಪಕ್ಕ ಇಟ್ಟು ನಮಸ್ಕಾರ ಮಾಡಿದೆ. ಮುಗಿಯಿತು ಎಂದುಕೊಂಡೆ. ಬ್ಯಾಂಕು ಮರೆತರೂ ನೀವು ಮರೆಯುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ.

ತಿಳಿದದ್ದು ರೊಟ್ಟಿ ಮಷಿನ್ನಿನ ಸಾಲ ಕೇಳಲು ಇನ್ನೊಂದು ಬ್ಯಾಂಕಿಗೆ ಹೋದಾಗ. ನಮ್ಮ ಓಣಿಯ ಐವರು ಹೆಂಗಸರು ಸೇರಿ ರೊಟ್ಟಿ ಮಾಡುತ್ತೇವೆ. ಗುಂಪು ಕಟ್ಟಿದವಳು ನಾನೇ. ನಮ್ಮಲ್ಲಿ ಹಿರಿಯಳಾದ ಹಾಲವ್ವನ ಮಣಿಕಟ್ಟು ಬಡಿದೂ ಬಡಿದೂ ಊದಿಕೊಂಡಿದೆ. ಈಗ ಬಟ್ಟೆ ಸುತ್ತಿಕೊಂಡು ಬಡಿಯುತ್ತಾಳೆ. ಐವರ ಹೆಸರಿನಲ್ಲಿ ಒಂದೇ ಸಾಲ, ಒಬ್ಬರಿಗೊಬ್ಬರು ಹೊಣೆ. ಹಾಗಾಗಿ ಒಬ್ಬಳ ಕಡತ ಕೆಟ್ಟರೆ ಐವರಿಗೂ ಇಲ್ಲ. ನಾಲ್ವರ ಹೆಸರು ಸರಿಯಿದೆ, ಐದನೆಯದು ಸುಸ್ತಿದಾರಳದು ಎಂದು ಅಲ್ಲಿನ ಅಧಿಕಾರಿ ಓದಿದಾಗ, ನಾಲ್ವರೂ ನನ್ನ ಕಡೆ ನೋಡದೆ ಗೋಡೆಯ ಕ್ಯಾಲೆಂಡರ್ ನೋಡಿದರು. ನನ್ನನ್ನು ನೋಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಗುಂಪಿನ ಲಕ್ಷ್ಮವ್ವ ಅಂದಳು: "ಶಾಂತಕ್ಕಾ, ನೀ ಸಾಲ ಮಾಡೀ ಅಂತ ನಾವ್ಯಾರೂ ಅನ್ನಂಗಿಲ್ಲ. ಆದ್ರ ಕಾಗದ ಅಂತೈತಲ್ಲ, ಅದಕ್ಕೇನ್ ಮಾಡೂದು?"

"ಸುಮ್ನಿರ, ಲಕ್ಷ್ಮವ್ವ," ಅಂದಳು ಹಾಲವ್ವ. "ಕೈ ನೋಯೂದು ನನಗ. ನಿನ್ನ ಬಾಯಿ ಯಾಕ ಒದರತೈತಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮಷಿನ್ನಿನ ಅರ್ಜಿಗೆ ಮುಂದಿನ ಸೋಮವಾರ ಕೊನೆ. ಅಷ್ಟರೊಳಗೆ ನನ್ನ ಹೆಸರು ಸರಿಹೋಗದಿದ್ದರೆ ಗುಂಪಿನಿಂದ ನಾನೇ ಹೊರಗೆ ಬರುತ್ತೇನೆ ಎಂದು ಹೇಳಿಬಿಟ್ಟಿದ್ದೇನೆ. ಯಾರೂ ಬೇಡ ಅನ್ನಲಿಲ್ಲ. ಬೇಡ ಅನ್ನದಿದ್ದರೆ ಒಪ್ಪಿದಂತೆ ಎಂಬ ನಿಮ್ಮ ಲೋಕದ ಲೆಕ್ಕ ನಮ್ಮ ಓಣಿಗೂ ಬಂತು ನೋಡಿ.

ನಿಮಗೆ ತಕರಾರು ಸಲ್ಲಿಸಲು ನಮ್ಮ ಬೀದಿಯ ಸೈಬರ್ ಅಂಗಡಿಯ ಗಿರಿರಾಜ್ ಹತ್ತಿರ ಹೋದೆ. ಅವರು ಅರ್ಧಗಂಟೆ ಕುಟ್ಟಿ ತಲೆ ಕೆರೆದುಕೊಂಡರು. "ಆಂಟಿ, ಓಟಿಪಿ ಕಳ್ಳನ ನಂಬರಿಗೆ ಹೋಗ್ತಾ ಇದೆ. ನೀವು ನೀವೇ ಅಂತ ಅವನೇ ಹೇಳ್ಬೇಕು." ಕೊನೆಗೆ ಬ್ಯಾಂಕಿನ ಪತ್ರದ ನಕಲು ಲಗತ್ತಿಸಿ ರಿಜಿಸ್ಟರ್ ಅಂಚೆಯಲ್ಲಿ ಎರಡು ಸಲ ನಿಮಗೆ ಬರೆದೆ. ವಿಳಾಸ ತಪ್ಪಾಗಿದೆ ಎಂಬ ಮಾತಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಉತ್ತರ ಬರಲಿಲ್ಲ. ನಿಮ್ಮ ಸಹಾಯವಾಣಿಗೆ ಕರೆ ಮಾಡಿದರೆ ಒಬ್ಬ ಹುಡುಗಿ ಸಿಕ್ಕಳು, ದನಿ ಬಹಳ ಮೆತ್ತಗಿತ್ತು.

"ಉತ್ತರ ಕಳಿಸಿದೀವಿ ಮೇಡಂ. ಡೆಲಿವರಿ ಆಗಿದೆ."

"ಎಲ್ಲಿಗ್ರಿ?"

"ರೆಕಾರ್ಡ್‌ನಲ್ಲಿರೋ ಅಡ್ರೆಸ್‌ಗೆ. ಕೆಂಗೇರಿ."

"ಆ ಅಡ್ರೆಸ್ ತಪ್ಪೈತಿ ಅಂತನ ನಾ ಬರದಿದ್ದು, ತಂಗಿ."

"ಅಡ್ರೆಸ್ ಚೇಂಜ್ ಮಾಡೋ ಫಾರ್ಮ್ ಕೂಡ ಅದೇ ಕವರ್‌ನಲ್ಲಿದೆ ಮೇಡಂ. ಅದ್ರಲ್ಲಿರೋ ನಂಬರ್ ಇಲ್ದೆ ನಾವು ಏನೂ ಮಾಡೋಕಾಗಲ್ಲ. ಇನ್ನು ಹತ್ತು ದಿನದೊಳಗೆ ಸೈನ್ ಮಾಡಿ ಕಳಿಸ್ಲಿಲ್ಲ ಅಂದ್ರೆ, ನಿಮ್ಮದೇನೂ ತಕರಾರಿಲ್ಲ ಅಂತ ಕ್ಲೋಸ್ ಆಗುತ್ತೆ."

ಮಾನ್ಯರೇ, ಇದನ್ನು ಯೋಚಿಸಿದವರು ಯಾರು? ಅವರಿಗೆ ತಾಯಿ ಇದ್ದಾರೆಯೇ? ಕಳ್ಳ ನನ್ನ ವಿಳಾಸ ಬದಲಿಸಲು ಒಂದು ಅರ್ಜಿ ಸಾಕಾಯಿತು. ನಾನು ನನ್ನ ವಿಳಾಸಕ್ಕೆ ಮರಳಲು ಕಳ್ಳನ ಮನೆಗೆ ಹೋಗಿ ಫಾರಂ ತರಬೇಕೇ?

ಹೋದೆ. ಎರಡು ಬಸ್ಸು ಬದಲಿಸಿ ಕೆಂಗೇರಿ ಉಪನಗರಕ್ಕೆ ಹೋಗಿ, ಕೇಳಿ ಕೇಳಿ ಹುಡುಕಿದೆ. ನಿಮ್ಮ ಕಡತದಲ್ಲಿ ನಾನು ವಾಸವಾಗಿರುವುದು ಹತ್ತಡಿ ಅಗಲದ ಒಂದು ಮಳಿಗೆಯಲ್ಲಿ. ಶಟರ್ ಎಳೆದು ಬೀಗ ಹಾಕಿದೆ. 'ಬಾಡಿಗೆಗೆ ಇದೆ' ಎಂದು ಬರೆದ ನಂಬರಿಗೆ ಕರೆ ಹೋಗುವುದಿಲ್ಲ. ಪಕ್ಕದಲ್ಲಿ ಬಟ್ಟೆ ಹೊಲಿಯುವ ವಿಮಲಮ್ಮ ಎಂಬವರು ನನ್ನನ್ನು ಕೂರಿಸಿ ನೀರು ಕೊಟ್ಟರು. "ಅವ್ನು ಎರಡು ತಿಂಗಳಿದ್ದ, ಹೋದ ಅಕ್ಕ. ಪೋಸ್ಟ್‌ಮ್ಯಾನು ಬಂದಿದ್ದನ್ನೆಲ್ಲ ಶಟರ್ ಕೆಳಗೆ ತಳ್ಳಿ ಹೋಗ್ತಾನೆ."

ರಸ್ತೆಯಲ್ಲೇ ಮೊಣಕಾಲೂರಿ ಬಗ್ಗಿ ನೋಡಿದೆ. ನಾಲ್ಕು ಬೆರಳಿನಷ್ಟು ಸಂದು. ಒಳಗೆ, ಒಂದು ಮೊಳ ದೂರದಲ್ಲಿ, ನಿಮ್ಮ ಕಚೇರಿಯ ಗುರುತಿರುವ ಬಿಳಿ ಲಕೋಟೆ. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ನನ್ನ ಹೆಸರು. ನನ್ನ ಹೆಸರೊಂದನ್ನು ನಾನು ಇಂಗ್ಲಿಷಿನಲ್ಲಿ ಓದಬಲ್ಲೆ. ವಿಮಲಮ್ಮನ ಅಳತೆಪಟ್ಟಿ ಇಸಿದುಕೊಂಡು ಎಳೆಯಲು ನೋಡಿದೆ.

"ನಿಮ್ ಹೆಸ್ರಿನ ಕಾಗ್ದ ನೀವೇ ಕದೀತಾ ಇದೀರಲ್ಲ ಅಕ್ಕ. ಯಾರಾದ್ರೂ ನೋಡುದ್ರೆ ನನ್ನೂ ಸೇರ್ಸಿ ಒಳಗೆ ಹಾಕ್ತಾರೆ, ಬೇಗ!" ಎಂದು ಅವರು ನಗುತ್ತಿದ್ದರು. ಆ ಅವಸರದಲ್ಲಿ ನನ್ನ ಕೈ ತಪ್ಪಿತು. ಪಟ್ಟಿ ತಾಗಿದ ಲಕೋಟೆ ಸರಕ್ಕನೆ ಇನ್ನೂ ಒಳಕ್ಕೆ ಜಾರಿ ಹೋಯಿತು. ಆಮೇಲೆ ಇಬ್ಬರೂ ನಗಲಿಲ್ಲ.

ಪೊಲೀಸರನ್ನು ಕೇಳಿದೆ. ಮಾಲೀಕನಿಲ್ಲದೆ ಬೀಗ ಒಡೆಯಲು ಆದೇಶ ಬೇಕಂತೆ. ಅಂಚೆಯವರನ್ನು ಕೇಳಿದೆ. ತಲುಪಿಸಿದ ಕಾಗದದ ಮೇಲೆ ಅವರಿಗೆ ಅಧಿಕಾರವಿಲ್ಲವಂತೆ. ಎಲ್ಲರೂ ಸರಿಯಾಗಿಯೇ ಮಾತಾಡುತ್ತಾರೆ. ತಪ್ಪು ಯಾರದೆಂದು ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಒಬ್ಬಳೇ, ಶ್ರಾವಣ ಸೋಮವಾರ ಪೂಜೆಯಿಂದ ಏಳದ ಹೆಂಗಸು. ಏಳಬೇಕಿತ್ತೇ? ಈಚೆಗೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗಲೂ ಕಿವಿ ಫೋನಿನ ಕಡೆಗೇ ಇರುತ್ತದೆ. ಎಂಬತ್ತಾರು ಸಾವಿರವನ್ನು ಬ್ಯಾಂಕು ಮನ್ನಿಸಿತು. ಈ ನಷ್ಟವನ್ನು ನೀವು ಯಾವ ಕಲಮಿನಲ್ಲಿ ಬರೆಯುತ್ತೀರಿ?

ನಾನು ಒಂದೂವರೆ ಗಂಟೆ ಸುಮ್ಮನಿದ್ದುದು ಒಪ್ಪಿಗೆಯಾಯಿತು. ವಿಳಾಸ ತಪ್ಪು ಎಂದು ನಾನು ಎರಡು ಸಲ ಬರೆದ ಮಾತಿಗೆ ನೀವು ಇಂದಿನವರೆಗೂ ಸುಮ್ಮನಿದ್ದೀರಿ. ಅದೂ ಒಪ್ಪಿಗೆಯೇ ಎಂದು ಬರೆದುಕೊಳ್ಳೋಣವೆಂದರೆ, ಬರೆಯುವ ಕಡತ ನನ್ನಲ್ಲಿಲ್ಲ, ನಿಮ್ಮಲ್ಲಿದೆ. ಆದ್ದರಿಂದ ಕೇಳುತ್ತೇನೆ: ಬ್ಯಾಂಕಿನ ಪತ್ರ ನಿಮ್ಮ ಕೈಯಲ್ಲಿದೆ. ಅದನ್ನು ಓದಿ ಆ ಸಾಲವನ್ನು ಅಳಿಸಿ, ನನ್ನನ್ನು ಹೇರೋಹಳ್ಳಿಗೆ ವಾಪಸು ಬರೆಯಿರಿ. ಅಷ್ಟೂ ಆಗದಿದ್ದರೆ ಒಬ್ಬ ಮನುಷ್ಯನನ್ನು ಕಳಿಸಿ ಆ ಬೀಗ ತೆಗೆಸಿ. ಮುಂದಿನ ಸೋಮವಾರದೊಳಗೆ.

ಇಂತಿ,
ನಿಮ್ಮ ಕಡತದ ಪ್ರಕಾರ ಬೀಗ ಹಾಕಿದ ಮಳಿಗೆಯೊಳಗಿರುವ,
ಶಾಂತವ್ವ
ಹೇರೋಹಳ್ಳಿ

ಈ ಪತ್ರದ ನಕಲನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅದನ್ನು ಓದುವವರಲ್ಲಿ ಒಂದು ಬೇಡಿಕೆ: ಕೆಂಗೇರಿ ಉಪನಗರದ ಆ ಮಳಿಗೆಯ ಮಾಲೀಕರು ನಿಮಗೆ ಪರಿಚಯವಿದ್ದರೆ ಬೀಗದ ಕೈ ಕೇಳಿ. ಹೊಲಿಗೆಯ ವಿಮಲಮ್ಮ ಜಾಗ ತೋರಿಸುತ್ತಾರೆ. ಲಕೋಟೆ ಈಗ ಎಡಗಡೆ ಗೋಡೆಗೆ ಹತ್ತಿಕೊಂಡು ಬಿದ್ದಿದೆ. ದಯವಿಟ್ಟು ನನ್ನ ಉತ್ತರವನ್ನು ತಂದುಕೊಡಿ. ನೀವು ಬಂದಾಗ ನಾನು ಪೂಜೆಯಲ್ಲಿದ್ದರೆ ಮಾತಾಡುವುದಿಲ್ಲ, ಬೇಡ ಅಂದಳೆಂದು ತಿಳಿದು ಹೊರಟುಹೋಗಬೇಡಿ. ಬಾಗಿಲು ತೆರೆದೇ ಇರುತ್ತದೆ, ಕಟ್ಟೆಯ ಮೇಲೆ ಕೂತಿರಿ.