ಕಸವ್ವ ಎಂದು ಬರೆಸು

ಮಗಳೇ ತಿಪ್ಪವ್ವಾ,

ಗಂಡಸರನ್ನು ಹೆರಿಗೆ ವಾರ್ಡಿಗೆ ಬಿಡುವುದಿಲ್ಲವಂತೆ. ಅದಕ್ಕೇ ಈ ಚೀಟಿ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಕೂಸಿಗೆ ಸಾನ್ವಿ ಎನ್ನಬೇಡ, ಕಸವ್ವ ಎಂದು ಬರೆಸು!

ನಿನಗಿಂತ ಮೊದಲು ಹುಟ್ಟಿದ ಇಬ್ಬರಿಗೂ ದೇವರ ಹೆಸರಿಟ್ಟಿದ್ದೆ. ಇಬ್ಬರೂ ತೊಟ್ಟಿಲಲ್ಲೇ ಹೋದರು. ನಿನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ, ಊರಿಗೆಲ್ಲ ಕೇಳುವಂತೆ ತಿಪ್ಪವ್ವ ಎಂದು ಕೂಗಿದೆ. ಕೋಣವೇರಿ ಬಾಗಿಲವರೆಗೆ ಬಂದ ಯಮಧರ್ಮ ಮೂಗು ಮುಚ್ಚಿಕೊಂಡು ಹೊರಟೇ ಹೋದ!

ಇಂದಿರಾನಗರದಲ್ಲಿ ನೀನು ಕೆಲಸ ಮಾಡುವ ಮನೆಯಾಕೆ "ಬೇರೆ ಹೆಸರೇ ಸಿಗ್ಲಿಲ್ವಾ ನಿಮ್ಮಪ್ಪಂಗೆ?" ಎಂದು ನಕ್ಕರಂತೆ. ನಗಲಿ. ಆ ನಾಚಿಕೆಗೇ ನೀನು ಹೋದ ವರ್ಷದ ಕೂಸಿಗೆ ಚೆಂದದ ಹೆಸರು ಹುಡುಕಿದೆ. ಆ ಕೂಸನ್ನು ಮಣ್ಣು ಮಾಡಿದವನು ನಾನು.

ನರ್ಸಮ್ಮ ಕೇಳಿದರೆ ಗಟ್ಟಿಯಾಗಿ ಹೇಳು, ಮಗಳೇ. ಇನ್ನೊಮ್ಮೆ ಆ ಗುದ್ದಲಿ ಹಿಡಿಯಲಾರೆ.

ನಿನ್ನ ಅಪ್ಪ,
ಬಸಣ್ಣ
ಶಿವಾಜಿನಗರ, ಆಸ್ಪತ್ರೆಯ ಗೇಟಿನ ಹೊರಗೆ